ಹಳೆ ಯೆಜ್ಡಿಯ ಲೆಕ್ಕ

ಒಂದೇ ಕೋಲು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಎಂಜಿನ್ ಹತ್ತಿಕೊಂಡ ಮೇಲೆ ಮುಂದಕ್ಕೆ ಮಡಿಸಿದರೆ ಗೇರ್. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ಯಾವ ಗಾಡಿ ಹೇಳಿ ನೋಡೋಣ?

ಮಕ್ಕಳಿಗೆ ಈ ಒಗಟು ಬಿಡಿಸಲು ಬರಲಿಕ್ಕಿಲ್ಲ. ಮನೆಯಲ್ಲಿರುವ ಅಜ್ಜನನ್ನು ಕೇಳಿ. ಅವರ ಮುಖ ಅರಳಿ ‘ಯೆಜ್ಡಿ’ ಎನ್ನುತ್ತಾರೆ. ಸಿನಿಮಾದಲ್ಲಿ ಕಾಣುವ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ನಮ್ಮ ಸಗರನಾಡಿನ ಎರಿ ಮಣ್ಣಿನ ದಾರಿಗಳಿಗೆ ಬಂದದ್ದೇ ಇಲ್ಲ. ಶಹಾಪುರ, ಸುರಪುರ, ಯಾದಗಿರಿ ಕಡೆಯ ನಮ್ಮ ಕಾಲದ ಹುಡುಗರಿಗೆ ಯೆಜ್ಡಿಯೇ ಸ್ಪೋರ್ಟ್ಸ್ ಕಾರು. ಅದರ ಸಪ್ಪಳ ಊರ ಅಗಸಿಯಲ್ಲಿ ಕೇಳಿದರೆ ಯಾರು ಬಂದರೆಂದು ಮನೆಯೊಳಗೆ ಕುಳಿತೇ ಹೇಳಬಹುದಿತ್ತು.

ಈಗ ಮೊಮ್ಮಕ್ಕಳ ವಯಸ್ಸಿನವರಿಗೆ ಮತ್ತೆ ಅದರ ಹುಚ್ಚು ಹತ್ತಿದೆ. ‘ಕಾಕಾ, ಹಳೆ ರೋಡ್‌ಕಿಂಗ್ ಒಂದು ಸಿಕ್ಕದ, ತಗೋಬೇಕಂತೀನಿ’ ಎಂದು ವರ್ಷಕ್ಕೆ ಇಬ್ಬರಾದರೂ ನನ್ನ ಬಳಿ ಬರುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಾಲದ ಲೆಡ್ಜರ್ ಬರೆದವನು, ಜೊತೆಗೆ ಒಂದು ಯೆಜ್ಡಿಯನ್ನು ಮನೆಯಲ್ಲಿ ಸಾಕಿದವನು. ಅವರಿಗೆ ನಾನು ಹೇಳುವುದು ಒಂದೇ ಮಾತು: ಹಳೆ ಗಾಡಿಗೆ ಕೊಟ್ಟ ಬೆಲೆ ಬರೀ ಮೊದಲ ಕಂತು. ಉಳಿದ ಕಂತುಗಳಿಗೆ ಹಣವನ್ನು ಮೊದಲೇ ತೆಗೆದಿಟ್ಟವನಿಗೆ ಮಾತ್ರ ಅದು ಅಗ್ಗದ ಗಾಡಿ.

ಮೈಸೂರಿನ ಕೂಸು

ಲೆಕ್ಕಕ್ಕೆ ಮೊದಲು ಸ್ವಲ್ಪ ಚರಿತ್ರೆ. ಯುರೋಪಿನ ಚೆಕೊಸ್ಲೊವಾಕಿಯಾ ದೇಶದಲ್ಲಿ 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದ. ತನ್ನ ಹೆಸರಿನ ‘ಜಾ’, ವಾಂಡರರ್‌ನ ‘ವಾ’ ಸೇರಿಸಿ ‘ಜಾವಾ’ ಎಂದು ಹೆಸರಿಟ್ಟ. ಈ ಬೈಕನ್ನು ಭಾರತಕ್ಕೆ ತರಿಸುತ್ತಿದ್ದ ಇರಾನಿ ಕುಟುಂಬದವರು 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಜಯಚಾಮರಾಜೇಂದ್ರ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. 1973ರಿಂದ ಅದೇ ಕಾರ್ಖಾನೆಯ ಬೈಕುಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಬರತೊಡಗಿದವು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರದು. 1978ರಲ್ಲಿ ಬಂದ ರೋಡ್‌ಕಿಂಗ್‌ಗಾಗಿ ಹುಡುಗರು ಪ್ರಾಣ ಬಿಡುತ್ತಿದ್ದರು.

1980ರ ದಶಕದ ನಡುವೆ 100 ಸಿಸಿಯ ಜಪಾನಿ ಬೈಕುಗಳು ಬಂದವು. ಅವು ಕಡಿಮೆ ಪೆಟ್ರೋಲಿನಲ್ಲಿ ಬಹುದೂರ ಹೋಗುತ್ತಿದ್ದವು. ಯೆಜ್ಡಿ ಲೀಟರಿಗೆ 25–30 ಕಿಲೋಮೀಟರ್ ಕೊಟ್ಟರೆ ಹೆಚ್ಚು. ಕಾರ್ಖಾನೆ ಸೊರಗುತ್ತ ಬಂದು 1996ರಲ್ಲಿ ಮುಚ್ಚಿತು. ಅಂದರೆ ಇಂದು ನೀವು ಕೊಳ್ಳುವ ಅತಿ ಕಿರಿಯ ಹಳೆ ಯೆಜ್ಡಿಗೂ ಸುಮಾರು 30 ವರ್ಷ. 2022ರಲ್ಲಿ ಬೇರೆ ಕಂಪನಿ ಯೆಜ್ಡಿ ಹೆಸರಿನಲ್ಲೇ ಹೊಸ ಬೈಕು ತಂದಿದೆ. ಅದು 334 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್. ಹೆಸರು ಒಂದೇ ಆದರೂ ಅದರ ಎಂಜಿನ್ ಭಾಗಗಳು ಇದಕ್ಕೆ ಬಾರವು.

ಮೊದಲು ಕಾಗದ, ಆಮೇಲೆ ಕಿಕ್

ನಮ್ಮ ಓಣಿಯ ಹುಡುಗನೊಬ್ಬ ಐಟಿಐ ಮುಗಿಸಿ ಟ್ರಾಕ್ಟರ್ ಶೋರೂಮಿನಲ್ಲಿ ದುಡಿಯುತ್ತಾನೆ. ಎರಡು ವರ್ಷ ಕೂಡಿಟ್ಟ 80,000 ರೂಪಾಯಿ ಅವನ ಕೈಯಲ್ಲಿತ್ತು. ಕಳೆದ ವರ್ಷ ಪಕ್ಕದ ಹಳ್ಳಿಯಲ್ಲಿ ಒಂದು ರೋಡ್‌ಕಿಂಗ್ ನೋಡಿ ಬಂದ. ಬೆಲೆ 75,000. ಮರುದಿನವೇ ಮುಂಗಡ ಕೊಡಲು ಹೊರಟಿದ್ದ.

‘ಗಾಡಿ ಭಾಳ ಚಂದ ಅದ ರೀ ಕಾಕಾ. ಒಂದೇ ಕಿಕ್ಕಿಗೆ ಹತ್ತತದ’ ಎಂದ.

‘ಆರ್‌ಸಿ ಯಾರ ಹೆಸರಿಗೆ ಅದ ತಮ್ಮಾ?’ ಎಂದು ಕೇಳಿದೆ.

‘ಅವರ ಅಪ್ಪನ ಹೆಸರಿಗೆ. ಅವರು ತೀರಿಕೊಂಡಾರ. ಮಗ ಸಹಿ ಮಾಡಿಕೊಡ್ತೀನಂತಾನ.’

ಹುಡುಗನ ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ‘ಒಬ್ಬನೇ ಮಗ ಏನು?’ ಎಂದು ಅವರೇ ಕೇಳಿದರು. ನಾನು ಕೇಳಬೇಕೆಂದಿದ್ದ ಪ್ರಶ್ನೆಯೂ ಅದೇ. ಮೂವರು ಗಂಡುಮಕ್ಕಳಿದ್ದರು. ಒಬ್ಬ ಪುಣೆಯಲ್ಲಿ ದುಡಿಯುತ್ತಿದ್ದ.

ಗಾಡಿಯ ಮಾಲೀಕ ತೀರಿಕೊಂಡರೆ ವಾರಸುದಾರರು ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಹಾಕಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಆಮೇಲೆಯೇ ಮಾರಾಟ. ಹಳ್ಳಿಗಳಲ್ಲಿ ಇದನ್ನು ಮಾಡುವವರು ಕಡಿಮೆ. ಅಪ್ಪನ ಗಾಡಿ ಮಗ ಓಡಿಸುತ್ತಾನೆ, ಮಗ ಇನ್ನೊಬ್ಬನಿಗೆ ಮಾರುತ್ತಾನೆ, ಪುಸ್ತಕದಲ್ಲಿ ಮಾತ್ರ ಸತ್ತವರೇ ಮಾಲೀಕರು. ನಾಳೆ ಅಪಘಾತವಾಗಿ ಒಬ್ಬರಿಗೆ ಪೆಟ್ಟಾದರೆ, ವಿಮೆಯೂ ಸರಿಯಿಲ್ಲದಿದ್ದರೆ, ಪರಿಹಾರಕ್ಕಾಗಿ ಮನೆ ಹೊಲ ಮಾರುವ ಪ್ರಸಂಗ ಬರುತ್ತದೆ.

ಎರಡನೆಯ ತೊಡಕು ನವೀಕರಣದ್ದು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಒಗೆ ಗಾಡಿ ಒಯ್ದು ತೋರಿಸಿ ನವೀಕರಿಸಬೇಕು. 1992ರಲ್ಲಿ ನೋಂದಣಿಯಾದ ಗಾಡಿ ಎಂದುಕೊಳ್ಳಿ. ಮೊದಲ ನವೀಕರಣ 2007ರಲ್ಲಿ, ಆಮೇಲೆ 2012, 2017, 2022. ಈ ಗಾಡಿಗೆ ಕೊನೆಯ ನವೀಕರಣ ಆಗಿರಲಿಲ್ಲ. ತಡ ಮಾಡಿದ ಪ್ರತಿ ತಿಂಗಳಿಗೂ ಬೈಕಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಕಟ್ಟಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೂರು ವರ್ಷ ಅಂದರೆ 36 ತಿಂಗಳು. 36ನ್ನು 300ರಿಂದ ಗುಣಿಸಿ: 10,800 ರೂಪಾಯಿ. ನವೀಕರಣ ಶುಲ್ಕ ಬೇರೆ. 20 ವರ್ಷ ದಾಟಿದ ಬೈಕಿಗೆ ಅದನ್ನು 2025ರಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ.

ಹುಡುಗ ಮುಂಗಡ ಕೊಡುವುದನ್ನು ನಿಲ್ಲಿಸಿದ. ಪಂಚಮಿ ಹಬ್ಬಕ್ಕೆ ಪುಣೆಯ ಮಗ ಊರಿಗೆ ಬಂದಾಗ ಮೂವರೂ ಕೂತು ಮಾತಾಡಿದರು. ಮೊದಲು ಹಿರಿಯ ಮಗನ ಹೆಸರಿಗೆ ಗಾಡಿ ಆಯಿತು. ದಂಡದ ಮೊತ್ತವನ್ನೂ ಎಂಜಿನ್ ಕೆಲಸದ ಅಂದಾಜನ್ನೂ ಬೆಲೆಯಲ್ಲಿ ಕಳೆದರು. 75,000ದ ಗಾಡಿ 48,000ಕ್ಕೆ ಬಂತು. ಮೂರು ತಿಂಗಳು ಕಾದದ್ದಕ್ಕೆ ಸಿಕ್ಕ ಬಡ್ಡಿ ಅದು.

ಕಾಗದದಲ್ಲಿ ಇನ್ನೂ ನಾಲ್ಕು ಸಂಗತಿ ನೋಡಬೇಕು.

ಒಂದು: ಆರ್‌ಸಿಯಲ್ಲಿ ‘ಹೈಪೋಥಿಕೇಷನ್’ ಎಂದು ಬ್ಯಾಂಕಿನ ಹೆಸರು ಇದೆಯೇ? ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಆ ಹೆಸರನ್ನು ತೆಗೆಸಿರುವುದಿಲ್ಲ. ಅದಕ್ಕೆ ಫಾರ್ಮ್ 35 ಮತ್ತು ಬ್ಯಾಂಕಿನ ಸಾಲಮುಕ್ತಿ ಪತ್ರ ಬೇಕು. ಆ ಹೆಸರಿನ ಬ್ಯಾಂಕೇ ಈಗ ಇಲ್ಲವಲ್ಲ ಎಂದು ಗಾಬರಿಯಾಗಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ನಮ್ಮ ಕಡೆಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಮೊದಲು ಪ್ರಗತಿ ಕೃಷ್ಣಾ ಆಯಿತು, ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್. ಹಳೆ ಬ್ಯಾಂಕು ಯಾವುದರಲ್ಲಿ ಸೇರಿದೆಯೋ ಅಲ್ಲಿಯೇ ಕೇಳಬೇಕು.

ಎರಡು: ಮಾರುವವರ ಮತ್ತು ಕೊಳ್ಳುವವರ ಸಹಿ ಇರುವ ಫಾರ್ಮ್ 29 ಮತ್ತು 30. ಗಾಡಿ ಬೇರೆ ರಾಜ್ಯದ್ದಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರವೂ ಬೇಕು. ತೆಲಂಗಾಣದ ಗಡಿ ನಮಗೆ ಹತ್ತಿರ, ಆದ್ದರಿಂದ ಇದನ್ನು ಮರೆಯಬಾರದು.

ಮೂರು: ಗಾಡಿಯ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿದೆಯೇ? ಕೈಯಲ್ಲಿ ಬರೆದ ಹಳೆ ಆರ್‌ಸಿ ಪುಸ್ತಕಗಳು ಎಷ್ಟೋ ಇನ್ನೂ ಏರಿಲ್ಲ. ಏರದ ಹೊರತು ಮುಂದಿನ ಯಾವ ಕೆಲಸವೂ ಆಗದು.

ನಾಲ್ಕು: ಚಾಸಿಸ್ ಮತ್ತು ಎಂಜಿನ್ ಸಂಖ್ಯೆ. ಇದು ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ. ಲೋಹದ ಮೇಲೆ ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಸಂಖ್ಯೆ ಮೂಡುತ್ತದೆ. ಅದನ್ನು ಆರ್‌ಸಿಯೊಂದಿಗೆ ಹೋಲಿಸಿ. ಒಂದೇ ಒಂದು ಅಂಕಿ ಬೇರೆಯಿದ್ದರೂ, ಸಂಖ್ಯೆಯ ಮೇಲೆ ಅರ ಹಾಕಿದ ಗುರುತಿದ್ದರೂ ಅಲ್ಲಿಂದ ಎದ್ದು ಬನ್ನಿ.

1960ರ ದಶಕದ ಜಾವಾ ಕೊಳ್ಳುವವರಿಗೆ ಇನ್ನೊಂದು ಮಾತು. 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ಅವಕಾಶ 2021ರಿಂದ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಎತ್ತಿನ ಹಲ್ಲು ನೋಡಿದ ಹಾಗೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ, ಹಣೆಯ ಗೊಂಡೆಗೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು ಆಮೇಲೆ. ಹಳೆ ಗಾಡಿಗೂ ಇದೇ ಪದ್ಧತಿ.

ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದರ್ಥ. ಆರಿದ ಎಂಜಿನ್ ಹೇಗೆ ಹತ್ತುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಚಹಾ ಕುಡಿದು, ಆರಲು ಬಿಟ್ಟು ಮತ್ತೆ ನೋಡಿ.

ಕಿಕ್ ಮೇಲೆ ಮೈಭಾರ ಮೆಲ್ಲಗೆ ಬಿಡಿ. ಒಳಗಿನಿಂದ ತಡೆದು ನಿಲ್ಲಿಸಿದ ಹಾಗೆ ಅನಿಸಬೇಕು. ತಡೆಯಿಲ್ಲದೆ ಕೆಳಗಿಳಿದರೆ ಪಿಸ್ಟನ್, ರಿಂಗು, ಸಿಲಿಂಡರ್ ಸವೆದಿವೆ. ಆಗ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ಇದನ್ನೇ ‘ಬೋರಿಂಗ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಮ್ಮೆಗೆ ಕಾಲು ಮಿಲಿಮೀಟರಿನಂತೆ ಕೊರೆಯುತ್ತಾರೆ. ಎಷ್ಟು ಸಲ ಬೋರಿಂಗ್ ಆಗಿದೆ ಎಂದು ಕೇಳಲೇಬೇಕು. ಕೊನೆಯ ಅಳತೆ ಮುಟ್ಟಿದ ಸಿಲಿಂಡರನ್ನು ಮತ್ತೆ ಕೊರೆಯಲು ಬರುವುದಿಲ್ಲ. ಹೊಸ ಲೈನರ್ ಕೂರಿಸಬೇಕು, ಖರ್ಚು ಹೆಚ್ಚು. ಎತ್ತಿಗೆ ಹಲ್ಲು ಹೇಗೋ ಯೆಜ್ಡಿಗೆ ಬೋರು ಹಾಗೆ, ವಯಸ್ಸು ಹೇಳಿಬಿಡುತ್ತದೆ.

ಹೊಗೆ ನೋಡಿ. ಎಣ್ಣೆ ಬೆರೆಸಿದ ಪೆಟ್ರೋಲು ಸುಡುವುದರಿಂದ ತೆಳು ನೀಲಿ ಹೊಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಗೇರ್ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿ ಆ ಎಣ್ಣೆ ಎಂಜಿನ್ನಿನೊಳಗೆ ಹೀರಿಕೊಳ್ಳುತ್ತಿದೆ. ಸೀಲಿನ ಬೆಲೆ ಅಲ್ಪ. ಅದನ್ನು ಬದಲಿಸಲು ಎಂಜಿನ್ ಬಿಚ್ಚುವ ಕೂಲಿಯೇ ದೊಡ್ಡದು.

ಗಾಡಿ ಓಡಿಸಿ ನಾಲ್ಕೂ ಗೇರ್ ಹಾಕಿ. ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಬೆಲೆ ಇಳಿಸಿ ಅಥವಾ ಬಿಡಿ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ತುಕ್ಕು ನೋಡಿ. ಹೊಸ ಬಣ್ಣ ಹೊಡೆದ ಗಾಡಿಯ ಕೆಳಭಾಗ, ಚಾಸಿಸ್ಸಿನ ಬೆಸುಗೆಗಳನ್ನು ಮಲಗಿಯಾದರೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 1219 ಎಂದಿದ್ದರೆ 2019ರ 12ನೇ ವಾರ ತಯಾರಾದ ಟೈರು. ಹೂವು ಎಷ್ಟೇ ಚೆನ್ನಾಗಿ ಉಳಿದಿದ್ದರೂ ಹಳತಾದ ರಬ್ಬರ್ ಬಿರುಕು ಬಿಡುತ್ತದೆ.

ಹಣದ ಮೂರು ಪಾಲು

ಈಗ ನನ್ನ ಕಸುಬಿನ ಮಾತು. ನಿಮ್ಮ ಬಳಿ 80,000 ಇದ್ದರೆ ನೀವು 80,000ದ ಗಾಡಿ ಕೊಳ್ಳುವಂತಿಲ್ಲ. ಹಣವನ್ನು ನಾಲ್ಕು ಭಾಗ ಮಾಡಿ. ಎರಡು ಭಾಗ, ಅಂದರೆ 40,000, ಗಾಡಿಗೆ. ಒಂದು ಭಾಗ, 20,000, ಕಾಗದಕ್ಕೆ ಮತ್ತು ಮೊದಲ ದುರಸ್ತಿಗೆ. ಉಳಿದ 20,000ವನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಡಿ. ಅದು ಗಾಡಿಯ ಪಾಸ್‌ಬುಕ್. ಮೊದಲ ವರ್ಷದ ಅನಿರೀಕ್ಷಿತ ಖರ್ಚು ಅದರಿಂದ ಹೋಗಬೇಕು. ನಮ್ಮ ಹುಡುಗ 48,000 ಕೊಟ್ಟ. ಮಿಕ್ಕ 8,000ವನ್ನು ದುರಸ್ತಿಯ ಪಾಲಿನಿಂದ ತೆಗೆಯದೆ ಎರಡು ತಿಂಗಳ ಸಂಬಳದಲ್ಲಿ ತುಂಬಿಸಿದ. ಅವನ ತಾಯಿ ಹಾಕಿದ ಷರತ್ತು ಅದು.

ಮೊದಲ ದುರಸ್ತಿಯಲ್ಲಿ ಬಣ್ಣ, ಕ್ರೋಮಿಯಂ ಪಾಲಿಶ್ ಸೇರುವುದಿಲ್ಲ. ಬ್ರೇಕಿನ ಶೂ, ಟೈರು, ಎಲ್ಲ ಕೇಬಲ್, ದೀಪದ ವೈರಿಂಗ್, ಪೆಟ್ರೋಲ್ ಪೈಪು, ಇವು ಮೊದಲು. ನಿಲ್ಲಿಸುವುದು ಮೊದಲು, ಓಡುವುದು ಆಮೇಲೆ, ಹೊಳೆಯುವುದು ಕೊನೆಗೆ.

ಸಾಲ ಮಾಡಿ ಹಳೆ ಗಾಡಿ ಕೊಳ್ಳಬೇಡಿ. ಇಷ್ಟು ಹಳೆಯ ಗಾಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಆಗ ಕೈಗಡಕ್ಕೆ ಹೋಗುತ್ತಾರೆ. ‘ಬರೀ ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಅದು ನೂರಕ್ಕೆ ತಿಂಗಳಿಗೆ ಮೂರು. 40,000ಕ್ಕೆ ತಿಂಗಳಿಗೆ 1,200, ವರ್ಷಕ್ಕೆ 14,400 ರೂಪಾಯಿ. ಅಸಲಿನಲ್ಲಿ ಒಂದು ಪೈಸೆಯೂ ಕರಗಿರುವುದಿಲ್ಲ. ಒಂದು ಎಂಜಿನ್ ಕೆಲಸಕ್ಕೆ ಸಾಲುವಷ್ಟು ಹಣ ಬಡ್ಡಿಗೇ ಹೋಯಿತು.

ಬಿಕಾಂನಲ್ಲಿ ನಮಗೆ ಸವಕಳಿ ಎಂಬ ಪಾಠವಿತ್ತು. ಹೊಸ ಗಾಡಿಯ ಬೆಲೆ ಮೊದಲ ವರ್ಷಗಳಲ್ಲಿ ಬೇಗ ಇಳಿಯುತ್ತದೆ, ಖರ್ಚು ಕಡಿಮೆ. ಹಳೆ ಗಾಡಿಯ ಬೆಲೆ ಇಳಿಯುವಷ್ಟು ಇಳಿದಾಗಿದೆ, ಖರ್ಚು ಹೆಚ್ಚು. ಹೊಸದರಲ್ಲಿ ನಷ್ಟ ಕಾಣದಂತೆ ಆಗುತ್ತದೆ. ಹಳೆಯದರಲ್ಲಿ ಪ್ರತಿ ರೂಪಾಯಿಯೂ ಜೇಬಿನಿಂದ ಕಣ್ಣೆದುರೇ ಹೋಗುತ್ತದೆ. ಹಾಗಾಗಿ ಹಳೆ ಗಾಡಿಯವನಿಗೆ ಡೈರಿ ಬೇಕೇ ಬೇಕು. ತಾರೀಖು, ಕಿಲೋಮೀಟರ್, ಹಾಕಿಸಿದ ಭಾಗ, ಕೊಟ್ಟ ಹಣ, ನಾಲ್ಕು ಕಾಲಂ ಸಾಕು. ಬರೆಯುವ ಕೆಲಸ ಮನೆಯ ಮಗುವಿಗೆ ಕೊಡಿ. ಕೂಡುವ ಲೆಕ್ಕವೂ ಕಲಿತಂತಾಯಿತು, ತಪ್ಪಿಸಿಕೊಳ್ಳಲು ಅಪ್ಪನಿಗೂ ದಾರಿ ಇರದು.

ಮನೆಯಲ್ಲೇ ಮಾಡುವ ಆರೈಕೆ

ಎಣ್ಣೆ: ಇದು ಎರಡು ಸ್ಟ್ರೋಕಿನ ಎಂಜಿನ್. ಪಿಸ್ಟನ್ನಿಗೆ ಜಾರಿಕೆ ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದಲೇ. ಇಂದಿನ ಒಳ್ಳೆಯ 2ಟಿ ಎಣ್ಣೆಯಾದರೆ ಲೀಟರಿಗೆ 30ರಿಂದ 40 ಮಿಲಿಲೀಟರ್. 40ರಂತೆ 5 ಲೀಟರ್ ಪೆಟ್ರೋಲಿಗೆ 200 ಮಿಲಿಲೀಟರ್. ಬಂಕಿನಲ್ಲಿ ಎಣ್ಣೆ ಹಾಕುವ ಯಂತ್ರ ಇದೆಯೆಂದು ನಂಬಿ ಹೋಗಬೇಡಿ. ಅಳತೆಯ ಬಾಟಲಿ ಗಾಡಿಯ ಪೆಟ್ಟಿಗೆಯಲ್ಲೇ ಇರಲಿ. ಒಮ್ಮೆ ಎಣ್ಣೆಯಿಲ್ಲದೆ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ‘ಸೀಜ್ ಆಯ್ತು’ ಎನ್ನುವುದು. ಗೇರ್‌ಬಾಕ್ಸಿನ ಎಣ್ಣೆ ಬೇರೆ, ಅದನ್ನು ಬೇರೆಯಾಗಿಯೇ ಬದಲಿಸಬೇಕು.

ಬಿಸಿಲು: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಎಂಜಿನ್ನಿಗೆ ಗಾಳಿಯೇ ತಂಪು. ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿದ ಎರಿ ಮಣ್ಣನ್ನು ತೆಗೆಯದಿದ್ದರೆ ಶಾಖ ಹೊರಹೋಗದು. ಉರಿಬಿಸಿಲಲ್ಲಿ ಇಬ್ಬರನ್ನು ಕೂರಿಸಿಕೊಂಡು ಒಂದೇ ಸಮ ಜೋರಾಗಿ ಓಡಿಸಬೇಡಿ. ಬೇವಿನ ಮರ ಕಂಡಲ್ಲಿ ಹತ್ತು ನಿಮಿಷ ನಿಲ್ಲಿಸಿ.

ಪೆಟ್ರೋಲ್ ಕಾಕ್: ನಿಲ್ಲಿಸಿದಾಗಲೆಲ್ಲ ಮುಚ್ಚಿ. ತೆರೆದಿಟ್ಟರೆ ಪೆಟ್ರೋಲು ಮೆಲ್ಲಗೆ ಇಳಿದು ಎಂಜಿನ್ನಿನೊಳಗೆ ತುಂಬಿಕೊಳ್ಳಬಹುದು. ಮರುದಿನ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ.

ಎಥೆನಾಲ್: ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ಅದು ಹಳೆ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸಿ ಕೆಡಿಸುತ್ತದೆ, ನೀರನ್ನೂ ಹೀರುತ್ತದೆ. ಎಥೆನಾಲ್ ತಾಳುವ ಹೊಸ ಪೈಪು ಹಾಕಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲನ್ನು ಖಾಲಿ ಮಾಡಿ.

ಕಿಡಿ: ಒಂದು ಹೆಚ್ಚುವರಿ ಸ್ಪಾರ್ಕ್ ಪ್ಲಗ್, ಅದನ್ನು ಬಿಚ್ಚುವ ಪಾನಾ ಸದಾ ಜೊತೆಗಿರಲಿ. ಕೊನೆಯ ಕಾಲದ ಸಿಡಿಐ ಮಾದರಿ ಬಿಟ್ಟರೆ ಉಳಿದವುಗಳಲ್ಲಿ ಕಿಡಿ ಹುಟ್ಟಿಸಲು ‘ಪಾಯಿಂಟ್’ ಇರುತ್ತದೆ. ಅದರ ಸಂದು ಸುಮಾರು 0.4 ಮಿಲಿಮೀಟರ್. ಗಾಡಿ ಹತ್ತದಿದ್ದರೆ ಮೊದಲು ನೋಡಬೇಕಾದದ್ದು ಪ್ಲಗ್ ಮತ್ತು ಪಾಯಿಂಟ್.

ಸೈಲೆನ್ಸರ್: ಎಣ್ಣೆ ಸುಟ್ಟ ಮಸಿ ಒಳಗೆ ಕಟ್ಟಿಕೊಳ್ಳುತ್ತದೆ. ಶಕ್ತಿ ಕುಗ್ಗಿತು ಎಂದಾಗ ಎಂಜಿನ್ ಬಿಚ್ಚಿಸುವ ಮೊದಲು ಎರಡೂ ಸೈಲೆನ್ಸರಿನ ಒಳಗೊಳವೆ ತೆಗೆದು ಸ್ವಚ್ಛ ಮಾಡಿಸಿ. ಎಷ್ಟೋ ಸಲ ರೋಗ ಅಷ್ಟೇ ಇರುತ್ತದೆ.

ಬ್ರೇಕು: ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು. ಮಳೆಗಾಲದಲ್ಲಿ ಕೆಸರು ನೀರು ಒಳಗೆ ಹೋದರೆ ಸರಿಯಾಗಿ ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ಮೆಲ್ಲಗೆ ಹೋಗುತ್ತ ಬ್ರೇಕು ಒತ್ತಿ ಒಣಗಿಸಿಕೊಳ್ಳಿ. ಇಂದಿನ ಡಿಸ್ಕ್ ಬ್ರೇಕಿನ ಬೈಕು ನಿಂತ ಜಾಗದಲ್ಲಿ ಇದು ನಿಲ್ಲುವುದಿಲ್ಲ, ಅಂತರ ಹೆಚ್ಚು ಇಟ್ಟುಕೊಳ್ಳಿ.

ಬಿಡಿಭಾಗಗಳ ಚಿಂತೆ ಎಲ್ಲರಿಗೂ ಇದೆ. ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ಕೇಬಲ್, ರಬ್ಬರಿನಂಥ ಸವೆಯುವ ಭಾಗಗಳನ್ನು ಈಗಲೂ ಹೊಸದಾಗಿ ಮಾಡುತ್ತಾರೆ. ಕಲಬುರಗಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಬಹುದು. ಕಷ್ಟವಿರುವುದು ಮೂಲ ಗೇರುಗಳು, ಮೀಟರು, ಟ್ಯಾಂಕಿನಂಥವುಗಳಲ್ಲಿ. ಆದ್ದರಿಂದ ಎಂಜಿನ್ ದಣಿದಿದ್ದರೂ ಪರವಾಗಿಲ್ಲ, ಎಲ್ಲ ಭಾಗ ಪೂರ್ತಿ ಇರುವ ಗಾಡಿಯನ್ನು ಕೊಳ್ಳಿ. ಹೊಳೆಯುತ್ತಿದ್ದು ಅರ್ಧ ಭಾಗ ಬೇರೆ ಗಾಡಿಯದ್ದಾಗಿದ್ದರೆ ಬೇಡ. ಕಳಚಿದ ಹಳೆ ಭಾಗವನ್ನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಡಿ. ಮುಂದೊಂದು ದಿನ ಅದರ ಮಾದರಿಯೇ ಬೇಕಾಗುತ್ತದೆ.

ಕಾರೇ ಬೇಕು ಎನ್ನುವವರಿಗೆ

ಕಾರಿಗೂ ಇದೇ ಲೆಕ್ಕ, ಮೊತ್ತಗಳು ಮಾತ್ರ ದೊಡ್ಡವು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ‘ಡಾಲ್ಫಿನ್’ ಎಂಬ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿ, ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್. ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ‘ಸ್ಯಾನ್ ಸ್ಟಾರ್ಮ್’ ನಿಜಕ್ಕೂ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು, ಅದಕ್ಕೆ ರೆನೊ ಕಂಪನಿಯ 1149 ಸಿಸಿ ಎಂಜಿನ್. ಎರಡೂ ಚೆಂದ. ಆದರೆ ತಯಾರಾದವು ಕೆಲವೇ, ಹಾಗಾಗಿ ಒಂದು ಗಾಜು ಒಡೆದರೂ ಊರೂರು ಅಲೆಯಬೇಕು.

ಕಡಿಮೆ ಹಣದವನು ನೋಡಬೇಕಾದದ್ದು ಚುರುಕಾಗಿದ್ದು, ಸಾವಿರಾರು ಮನೆಗಳಲ್ಲಿ ಇದ್ದ ಕಾರನ್ನು. ಮಾರುತಿ ಎಸ್ಟೀಮ್ ಇದಕ್ಕೆ ಉದಾಹರಣೆ. ಹಗುರ ಮೈ, 1.3 ಲೀಟರ್ ಎಂಜಿನ್, ರ‍್ಯಾಲಿ ಓಡಿಸುವವರೂ ಮೆಚ್ಚಿದ ಕಾರು. ಆ ಎಂಜಿನ್ನಿನ ಕುಟುಂಬವೇ ಜಿಪ್ಸಿಯಲ್ಲೂ ಇದ್ದುದರಿಂದ ಅದನ್ನು ಬಲ್ಲ ಕೈಗಳು ಎಲ್ಲ ಕಡೆ ಇವೆ. ಕೊಂಡ ವಾರವೇ ಟೈಮಿಂಗ್ ಬೆಲ್ಟ್, ಕೂಲೆಂಟ್, ಬ್ರೇಕ್ ಆಯಿಲ್, ರಬ್ಬರ್ ಪೈಪು ಬದಲಿಸಿ. ಹಿಂದಿನವರು ಬದಲಿಸಿದ್ದೇವೆ ಎಂದರೂ ಬಿಲ್ಲು ಕಾಣದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಮಕ್ಕಳಿಗೆ ಒಂದು ಮಾತು

ಯೆಜ್ಡಿಯಂಥ ಗೇರ್ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು. ‘ಊರೊಳಗ ಒಂದು ಸುತ್ತು’ ಎಂದು ಕೇಳುವ ಮಕ್ಕಳಿಗೂ, ಕೀಲಿ ಕೊಡುವ ಅಪ್ಪಂದಿರಿಗೂ ಇದು ತಿಳಿದಿರಲಿ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಜೊತೆಗೆ ಗಾಡಿಯ ನೋಂದಣಿ 12 ತಿಂಗಳು ರದ್ದು. 2019ರಲ್ಲಿ ಬಂದ ತಿದ್ದುಪಡಿ ಇದು. ಗಾಡಿ 30 ವರ್ಷ ಹಳೆಯದಾದರೂ ತಲೆಗೆ ಹಾಕುವ ಹೆಲ್ಮೆಟ್ ಹೊಸದೇ ಇರಲಿ, ಹಿಂದೆ ಕೂರುವವರಿಗೂ ಒಂದು ಇರಲಿ.

18 ಆಗುವವರೆಗೆ ಕಾಯುವ ಹುಡುಗ ಹುಡುಗಿಯರಿಗೆ ಮಾಡಲು ಕೆಲಸ ಬೇಕಾದಷ್ಟಿದೆ. ನಮ್ಮ ತಾಲ್ಲೂಕುಗಳಲ್ಲಿ ಯೆಜ್ಡಿ ಎಂಜಿನ್ನನ್ನು ಕಣ್ಣುಮುಚ್ಚಿ ಜೋಡಿಸಬಲ್ಲ ಮಿಸ್ತ್ರಿಗಳು ಈಗ ನನ್ನ ವಯಸ್ಸಿನವರು. ಅವರ ಅಂಗಡಿಗೆ ಬರುವ ಹುಡುಗರು ಹೊಸ ಬೈಕಿನ ಕೆಲಸ ಕಲಿಯುತ್ತಾರೆ, ಪಾಯಿಂಟಿನ ಸಂದು ಅಳೆಯುವುದನ್ನು ಕಲಿಯುವವರು ಕಡಿಮೆ. ಬಿಡಿಭಾಗ ಬೆಂಗಳೂರಿನಿಂದ ಬಂದೀತು, ಕೈಗುಣ ಪಾರ್ಸೆಲ್‌ನಲ್ಲಿ ಬಾರದು. ಕೊಳ್ಳುವ ಆಸೆ ಇದ್ದವರು ಮುಂಗಡ ಕೊಡುವ ಮೊದಲು ಅಂಥ ಮಿಸ್ತ್ರಿಯ ಅಂಗಡಿಯಲ್ಲಿ ಎರಡು ಭಾನುವಾರ ಕುಳಿತು ಬನ್ನಿ. ಪಾನಾ ಎತ್ತಿಕೊಡಿ, ಪ್ಲಗ್ ಒರೆಸಿ, ಪ್ರಶ್ನೆ ಕೇಳಿ. ಎಣ್ಣೆ ಮೆತ್ತಿದ ಕೈ ನೋಡಿಕೊಂಡು ಇದು ನನಗೆ ಬೇಡ ಅನಿಸಿದರೆ ಹಣ ಉಳಿಯಿತು. ಮೂರನೇ ಭಾನುವಾರವೂ ಹೋಗಬೇಕು ಅನಿಸಿದರೆ ಪಾಸ್‌ಬುಕ್ ತೆರೆಯಿರಿ.